ಬಕನಿಯರ್ ಬಿಡಾರಕ್ಕೆ ಹೋಗಿಬಂದೆವು: ಹೊಗೆಗೆ ಪೂರ್ತಿ ಅಂಕ, ವ್ಯವಸ್ಥೆಗೆ ಅರ್ಧ

ಮೊದಲೇ ಹೇಳಿಬಿಡುತ್ತೇನೆ, ನಾನು ಪೂರ್ತಿ ಹೊರಗಿನವನಲ್ಲ. ಫ್ಲೋರಿಡಾ ಕರಾವಳಿಯ ಒಂದು ಸಣ್ಣ ಊರಿನ ಹಬ್ಬಕ್ಕೆ ಈ ಸಲ ಬಕನಿಯರ್ ಅನ್ನುವ ಹಳೇ ಕಾಲದ ಕಡಲ್ಗಳ್ಳರ ಬಿಡಾರ ಹಾಕಿಸೋಣ ಅಂತ ಮಾತು ಶುರುವಾದಾಗ ಯೋಜನೆಯ ಗುಂಪಿಗೆ ನನ್ನನ್ನೂ ಎಳೆದುಕೊಂಡಿದ್ದರು. ದೊಡ್ಡ ಕಾರಣವೇನಿಲ್ಲ, ನನಗೆ ಎಕ್ಸೆಲ್ ಚೆನ್ನಾಗಿ ಬರುತ್ತದೆ. ನಾಲ್ಕು ಮೀಟಿಂಗಿಗೆ ಹೋದೆ, ಐದನೆಯದಕ್ಕೆ ಚಕ್ಕರ್ ಹಾಕಿದೆ. ಹಬ್ಬದ ಶನಿವಾರ ಮಾತ್ರ ಹೆಂಡತಿ, ಮಗಳು, ಊರಿಂದ ಬಂದಿದ್ದ ಅಮ್ಮ ಎಲ್ಲರ ಜೊತೆ ಸಾಲಲ್ಲಿ ನಿಂತೇ ಒಳಗೆ ಹೋದೆ. ಹಾಗಾಗಿ ಕೆಳಗಿನ ಬೈಗುಳದಲ್ಲಿ ನನಗೂ ಒಂದು ಪಾಲು ಇದೆ. ಊರಿನ ಹೆಸರು, ಗುಂಪಿನ ಹೆಸರು ಹಾಕುವುದಿಲ್ಲ. ಎಲ್ಲರೂ ಸಂಬಳವಿಲ್ಲದೆ ದುಡಿದವರು, ಸುಮ್ನೆ ಯಾಕೆ.

ಬಿಡಾರ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಇದಕ್ಕೆ ಲಿವಿಂಗ್ ಹಿಸ್ಟರಿ ಅನ್ನುತ್ತಾರೆ. ನಾಟಕ ಅಲ್ಲ, ವೇದಿಕೆ ಇಲ್ಲ, ಡೈಲಾಗೂ ಇಲ್ಲ. ಒಂದಷ್ಟು ಜನ ಆ ಕಾಲದ ಬಟ್ಟೆ ಹಾಕಿಕೊಂಡು, ಆ ಕಾಲದ ಗುಡಾರ ಹೊಡೆದು, ಆ ಕಾಲದ ಪಾತ್ರೆಯಲ್ಲೇ ಬೇಯಿಸಿ ತಿಂದು ಎರಡು ದಿನ ಅಲ್ಲೇ ಇರುತ್ತಾರೆ. ನಾವು ಹೋಗಿ ನೋಡಬಹುದು, ಪ್ರಶ್ನೆ ಕೇಳಬಹುದು. ಇವರು ಆರಿಸಿಕೊಂಡಿದ್ದು 1668. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಜಮೈಕಾ ಕಡೆಯ ಕಡಲ್ಗಳ್ಳ ರಾಬರ್ಟ್ ಸರ್ಲ್ ಅನ್ನುವವನು ಇದೇ ಫ್ಲೋರಿಡಾದಲ್ಲಿದ್ದ ಸ್ಪೇನಿನವರ ಸೇಂಟ್ ಅಗಸ್ಟೀನ್ ಊರನ್ನು ಲೂಟಿ ಮಾಡಿದ. ಅವನ ಉಪಾಯ ಕೇಳಿ. ಮೆಕ್ಸಿಕೋ ಕಡೆಯಿಂದ ಹಿಟ್ಟು ಹೊತ್ತು ಬರುತ್ತಿದ್ದ ಸ್ಪೇನಿನ ಹಡಗನ್ನೇ ಹಿಡಿದು, ಅದರೊಳಗೆ ತನ್ನವರನ್ನು ಅಡಗಿಸಿಕೊಂಡು ಬಂದ. ಊರಿನವರು ನಮ್ಮ ಸರಕು ಬಂತು ಅಂತ ನೆಮ್ಮದಿಯಾಗಿ ಮಲಗಿದರು, ಇವರು ನಡುರಾತ್ರಿ ದಡಕ್ಕೆ ಇಳಿದರು. ಸುಮಾರು 60 ಜನ ಸತ್ತರು. ಮರದ ಕೋಟೆ ನಂಬಿ ಕೂತರೆ ಆಗುವುದಿಲ್ಲ ಅಂತ ಸ್ಪೇನಿಗೆ ಆಗ ಬುದ್ಧಿ ಬಂತು. 1672ರಲ್ಲಿ ಕಲ್ಲಿನ ಕೋಟೆಗೆ ಕೈ ಹಾಕಿದರು, 1695ಕ್ಕೆ ಮುಗಿಸಿದರು. ಅದು ಈಗಲೂ ಗಟ್ಟಿಯಾಗಿ ನಿಂತಿದೆ.

ಈಗ ವಿಮರ್ಶೆ. ಒಂದೇ ಒಂದು ಜಾಗ ನೋಡಿ ಬರುತ್ತೇನೆ ಅನ್ನುವವರು ಹೊಗೆ ಅಟ್ಟದ ಹತ್ತಿರ ಹೋಗಿ ನಿಲ್ಲಿ. ಬಕನಿಯರ್ ಅನ್ನುವ ಹೆಸರು ಹುಟ್ಟಿದ್ದೇ ಅಲ್ಲಿಂದ. ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲಾ ದ್ವೀಪದಲ್ಲಿ ಕಾಡುದನ, ಕಾಡುಹಂದಿ ಹೊಡೆದು ಬದುಕುತ್ತಿದ್ದ ಫ್ರೆಂಚ್ ಬೇಟೆಗಾರರು ಮಾಂಸವನ್ನು ಮರದ ಅಟ್ಟಣಿಗೆ ಮೇಲೆ ಹರಡಿ ಕೆಳಗೆ ಹೊಗೆ ಹಾಕುತ್ತಿದ್ದರು. ಅಲ್ಲಿನ ಮೂಲ ಜನರಿಂದ ಕಲಿತ ವಿದ್ಯೆ ಅದು. ಆ ಅಟ್ಟಣಿಗೆಗೆ ಬುಕಾನ್ ಅನ್ನುತ್ತಿದ್ದರು, ಹಾಗೆ ಒಣಗಿಸುವವರು ಬುಕಾನಿಯೇ ಆದರು. ಸ್ಪೇನಿನವರು ಇವರನ್ನು ಓಡಿಸಲು ಹೋದಾಗ ಇವರು ಬೇಟೆ ಬಿಟ್ಟು ಹಡಗು ಹಿಡಿಯಲು ಶುರು ಮಾಡಿದರು.

ಬಿಡಾರದಲ್ಲಿ ಹಸಿ ಕಟ್ಟಿಗೆ ಕಡಿದು ಸೊಂಟದೆತ್ತರದ ನಿಜವಾದ ಅಟ್ಟಣಿಗೆ ಕಟ್ಟಿದ್ದರು. ಮೊಳೆ ಇಲ್ಲ, ಎಲ್ಲಾ ಹಗ್ಗದ ಬಿಗಿ. ಹಂದಿಮಾಂಸವನ್ನು ಉದ್ದುದ್ದ ಪಟ್ಟಿ ಕೊಯ್ದು, ಉಪ್ಪು ತಿಕ್ಕಿ ಹಾಕಿದ್ದರು. ಗಡ್ಡದ ಗಂಡಸೊಬ್ಬ ಕೂತು ಉರಿ ಮೇಲೇಳದ ಹಾಗೆ ಒದ್ದೆ ಸೊಪ್ಪು ಹಾಕುತ್ತಲೇ ಇದ್ದ. ಮಾತು ಕಡಿಮೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಅಮ್ಮ ಅಷ್ಟು ಹೊತ್ತು ಬಿಸಿಲು, ಬಿಸಿಲು ಅಂತ ಗೊಣಗುತ್ತಿದ್ದವರು ಇಲ್ಲಿ ಬಂದು ನಿಂತುಬಿಟ್ಟರು. "ಇದೇನೋ ತಮ್ಮಾ, ನಮ್ಮ ಒಲೆ ಮೇಲಿನ ಅಟ್ಟಾನೇ ಅಲ್ವೋ!" ಅಂದರು. ಅಂಕೋಲೆ ಕಡೆ ಮನೆಗಳಲ್ಲಿ ಮಳೆಗಾಲಕ್ಕೆ ಅಂತ ಒಣಮೀನು ಕಟ್ಟಿಡುತ್ತಿದ್ದ ಜಾಗ ಅದು, ಮಸಿ ಹಿಡಿದು ಕರ್ರಗಾಗಿರುತ್ತಿತ್ತು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಗಡ್ಡದವನು ಎದ್ದು ನಿಂತ. ಮಳೆಯಲ್ಲಿ ಮೀನು ಬೂಸ್ಟು ಹಿಡಿಯುವುದಿಲ್ಲವೇ, ಎಷ್ಟು ಉಪ್ಪು ಹಾಕುತ್ತೀರಿ, ಯಾವ ಕಟ್ಟಿಗೆ ಅಂತ ಅವನೇ ಅಮ್ಮನನ್ನು ಕೇಳಲು ಶುರು ಮಾಡಿದ. ಅಮ್ಮ ತೆಂಗಿನ ಸಿಪ್ಪೆ ಹೊಗೆ ಅಂದರು. ಅವನ ಹತ್ತಿರ ಆ ಕಾಲದ ನೋಟ್‌ಬುಕ್ ಇರಲಿಲ್ಲ, ಅಂಗಿಯೊಳಗಿನಿಂದ ಕಳ್ಳತನದಲ್ಲಿ ಫೋನ್ ತೆಗೆದು ಬರೆದುಕೊಂಡ! ನಾನು ನೋಡಿಲ್ಲ ಅಂದುಕೊಂಡಿರಬೇಕು.

ನನ್ನ ಪ್ರಕಾರ ಯೋಜನೆ ಮಾಡುವವರು ತಿಳಿದುಕೊಳ್ಳಬೇಕಾದದ್ದು ಇಷ್ಟೇ. ಕೆಲಸ ನಡೆಯುತ್ತಿದ್ದ ಕಡೆ ಜನ ನಿಂತರು. ವೇಷ ಹಾಕಿ ಸುಮ್ನೆ ನಿಂತಿದ್ದವರ ಜೊತೆ ಫೋಟೋ ತೆಗೆಸಿಕೊಂಡು ಮುಂದೆ ಹೋದರು. ಹಡಗಿನ ಪಟ ಹೊಲಿಯುವ ಹೆಂಗಸಿನ ಸುತ್ತ ಹತ್ತು ಮಕ್ಕಳು ಇದ್ದರು. ಪಕ್ಕದಲ್ಲೇ ಕತ್ತಿಗಳನ್ನು ಸಾಲಾಗಿ ಇಟ್ಟಿದ್ದ ಮೇಜು, ಅಷ್ಟು ದುಡ್ಡು ಸುರಿದು ಮಾಡಿಸಿದ್ದು, ಖಾಲಿ. ಮುಟ್ಟಬೇಡಿ ಅಂತ ಬೋರ್ಡು ಬೇರೆ.

ಬಾವುಟದ ಜಗಳ ಹೇಳಲೇಬೇಕು. ಮೂರನೇ ಮೀಟಿಂಗ್ ಪೂರ್ತಿ ಅದಕ್ಕೇ ಹೋಯಿತು. ತಲೆಬುರುಡೆಯ ಕಪ್ಪು ಬಾವುಟ ಜೋರಾಗಿ ಬಳಕೆಗೆ ಬಂದಿದ್ದು 18ನೇ ಶತಮಾನದ ಶುರುವಿನಲ್ಲಿ. 1668ರವರು ಅದನ್ನು ಹಾರಿಸುತ್ತಿರಲಿಲ್ಲ. ಬಹಳ ಸಲ ಗವರ್ನರ್ ಕೊಟ್ಟ ಪರವಾನಗಿ ಪತ್ರ ಹಿಡಿದು, ಅವನ ದೇಶದ ಬಾವುಟದ ಕೆಳಗೇ ಲೂಟಿ ಮಾಡುತ್ತಿದ್ದರು. ಹಬ್ಬದವರಿಗೆ ಬುರುಡೆ ಬೇಕು, ಇಲ್ಲದಿದ್ದರೆ ಜನ ಬರುವುದಿಲ್ಲ ಅಂತ ವಾದ. ಬಿಡಾರದವರು ಬುರುಡೆ ಹಾಕಿದರೆ ನಾವೇ ಬರುವುದಿಲ್ಲ ಅಂದರು. ಕೊನೆಗೆ ಬುರುಡೆ ಬಾವುಟ ಗೇಟಿನ ಹೊರಗೆ, ಫೋಟೋಗೆ. ಹಗ್ಗ ದಾಟಿ ಒಳಗೆ ಬಂದರೆ ಬರೀ 1668. ಇದು ಕೆಲಸ ಮಾಡಿತು. ಗೇಟಿನಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಗಿಳಿಯನ್ನು ಹೆಗಲಿಗೆ ಪಿನ್ ಮಾಡಿಕೊಂಡು ನಿಂತಿದ್ದ. ಇಂಥ ನಕಲಿಗೆ ಇವರ ಭಾಷೆಯಲ್ಲಿ ಫಾರ್ಬ್ ಅನ್ನುತ್ತಾರೆ, ದೊಡ್ಡ ಬೈಗುಳ ಅದು. ಆದರೆ ಮಕ್ಕಳಿಗೆ ಅವನೇ ಇಷ್ಟವಾಗಿದ್ದ, ಏನು ಮಾಡೋಣ.

ಇನ್ನು ಕೋವಿ. ಗುಂಡು ಹಾಕುವುದಿಲ್ಲ, ಬರೀ ಮದ್ದು. ಕಾಗದದ ಪೊಟ್ಟಣದಲ್ಲಿ ಮೊದಲೇ ಅಳೆದು ಕಟ್ಟಿಟ್ಟಿರುತ್ತಾರೆ, ಜನರ ಮುಂದೆ ಡಬ್ಬಿಯಿಂದ ಸುರಿಯುವ ಆಟವಿಲ್ಲ. ಸ್ಪೇನಿನ ಸೈನಿಕನ ವೇಷದವನ ಹತ್ತಿರ ಬತ್ತಿಕೋವಿ ಇತ್ತು. ಪೆಟ್ಲುಪ್ಪಿನಲ್ಲಿ ನೆನೆಸಿ ಒಣಗಿಸಿದ ಹಗ್ಗ ಮೆಲ್ಲಗೆ ಕನಲುತ್ತಿರುತ್ತದೆ, ಎರಡೂ ತುದಿಗೆ ಕಿಡಿ, ಒಂದು ಆರಿದರೆ ಇನ್ನೊಂದು ಇರಲಿ ಅಂತ. ಬಕನಿಯರ್ ಕೈಯಲ್ಲಿ ಚಕಮಕಿ ಕಲ್ಲಿನದು, ಫ್ರೆಂಚ್ ಮಾದರಿಯ ಉದ್ದ ಕೋವಿ, ನೆಲಕ್ಕೆ ಊರಿದರೆ ನನ್ನ ಮಗಳಿಗಿಂತ ಎತ್ತರ. ಬೆಳಿಗ್ಗೆ 11ರ ಮೊದಲ ಸುತ್ತಿನಲ್ಲಿ ಅದು ಠುಸ್ ಅಂದಿತು. ಫ್ಲೋರಿಡಾದ ತೇವ, ಮದ್ದು ಥಂಡಿ ಹಿಡಿದಿರಬೇಕು. ಜನ ನಕ್ಕರು. ಆದರೆ ಆಮೇಲೆ ನಡೆದದ್ದು ನೋಡಿ ನನಗೆ ಈ ಗುಂಪಿನ ಮೇಲೆ ನಂಬಿಕೆ ಬಂತು. ಅವನು ಅಲುಗಾಡಲಿಲ್ಲ. ಕೋವಿಯ ಬಾಯಿ ಜನರಿಲ್ಲದ ಕಡೆಗೇ ಇಟ್ಟುಕೊಂಡು ನಿಂತ. ನಾಯಕ ಕೈ ಎತ್ತಿದ, ಎಲ್ಲರೂ ಕಾದೆವು, ನಗುವುದು ನಿಂತೇ ಹೋಯಿತು. ಎಷ್ಟೋ ಹೊತ್ತಾದ ಮೇಲೆ ಚಕಮಕಿ ಕಲ್ಲಿನ ಕೆಳಗಿನ ಬಟ್ಟಲಿಗೆ ಹೊಸ ಮದ್ದು ಹಾಕಿ ಮತ್ತೆ ಎಳೆದ. ಈ ಸಲ ಹಾರಿತು ನೋಡಿ, ನಮ್ಮ ಜಾತ್ರೆ ಗರ್ನಾಲು ನೆನಪಾಯಿತು.

ಇಲ್ಲೇ ಮೊದಲ ದೂರು. ಕಿವಿಗೆ ಹಾಕಿಕೊಳ್ಳುವ ಸ್ಪಂಜನ್ನು ಯಾರೂ ಕೊಡಲಿಲ್ಲ. ನಾನೇ ಪಟ್ಟಿಯಲ್ಲಿ ಬರೆದಿದ್ದೆ, ಎರಡನೇ ಹಾಳೆ, 14ನೇ ಸಾಲು. ಯಾರೂ ಆ ಹಾಳೆ ತೆರೆದೇ ಇಲ್ಲ. ಪಕ್ಕದ ತಳ್ಳುಗಾಡಿಯಲ್ಲಿದ್ದ ಕೂಸು ಹತ್ತು ನಿಮಿಷ ಅತ್ತಿತು.

ಎರಡನೆಯದು ವೇಳಾಪಟ್ಟಿ. ಕೋವಿ ಹಾರಿಸುವುದು 11ಕ್ಕೆ, ಹಡಗಿನ ವೈದ್ಯನ ಮಾತು ಕೂಡ 11ಕ್ಕೆ. ಎರಡರ ನಡುವೆ 40 ಹೆಜ್ಜೆ. ಪಾಪ, ವೈದ್ಯ ಗರಗಸ ಎತ್ತಿ ಕಾಲು ಕೊಯ್ಯುವುದು ಹೇಗೆ ಅಂತ ವಿವರಿಸುವಾಗಲೇ ಢಂ! ಕೇಳಲು ಇದ್ದ ಆರು ಜನರಲ್ಲಿ ನಾಲ್ವರು ಎದ್ದು ಓಡಿದರು. ನಾವು ಮಧ್ಯಾಹ್ನ ಮತ್ತೆ ಹೋಗಿ ಕೂತಿದ್ದಕ್ಕೆ ಸಿಕ್ಕಿದ್ದು ಇಡೀ ದಿನದ ಒಳ್ಳೆಯ ಅರ್ಧ ಗಂಟೆ. ಲೂಟಿಗೆ ಹೊರಡುವ ಮೊದಲು ಇವರು ಕರಾರು ಬರೆದುಕೊಳ್ಳುತ್ತಿದ್ದರು, ಯಾರಿಗೆ ಎಷ್ಟು ಪಾಲು, ಗಾಯವಾದರೆ ಎಷ್ಟು ಪರಿಹಾರ ಅಂತ. ಈ ಲೆಕ್ಕ ನಮಗೆ ಗೊತ್ತಾಗಿದ್ದು ಇವರ ಜೊತೆಗೇ ತಿರುಗಿದ್ದ ಎಕ್ಸ್‌ಕ್ವೆಮೆಲಿನ್ ಎಂಬ ವೈದ್ಯನಿಂದ, ಅವನ ಪುಸ್ತಕ 1678ರಲ್ಲಿ ಆಂಸ್ಟರ್ಡ್ಯಾಮಿನಲ್ಲಿ ಅಚ್ಚಾಯಿತು. ಬಲಗೈ ಹೋದರೆ ಸ್ಪೇನಿನ ಎಂಟು ರಿಯಾಲಿನ ಬೆಳ್ಳಿ ನಾಣ್ಯ 600, ಎಡಗೈಗೆ 500. ಬಲಗಾಲಿಗೆ 500, ಎಡಗಾಲಿಗೆ 400. ಒಂದು ಕಣ್ಣಿಗೆ 100, ಬೆರಳಿಗೂ 100. ಮಗಳು ಕೈ ಎತ್ತಿದಳು. "ನಾನು ಎಡಚಿ. ನನಗೆ ಯಾಕೆ 100 ಕಡಿಮೆ?" ವೈದ್ಯ ತಲೆ ಕೆರೆದುಕೊಂಡ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ.

ಅದೇ ಪುಸ್ತಕದಲ್ಲಿ ನಾಣ್ಯದ ಬದಲು ಗುಲಾಮರನ್ನು ಕೊಡುವ ಲೆಕ್ಕವೂ ಇದೆ, ಬಲಗೈಗೆ ಆರು ಜನ ಗುಲಾಮರು. ವೈದ್ಯ ಅದನ್ನು ಹೇಳಲಿಲ್ಲ. ಸರ್ಲ್ 1668ರಲ್ಲಿ ಸೇಂಟ್ ಅಗಸ್ಟೀನಿನಿಂದ ಕಪ್ಪು ಜನರನ್ನು, ಮೂಲನಿವಾಸಿಗಳನ್ನು ಮಾರಲಿಕ್ಕೆ ಅಂತ ಹಿಡಿದುಕೊಂಡು ಹೋಗಿದ್ದೂ ಬಿಡಾರದಲ್ಲಿ ಎಲ್ಲೂ ಕಾಣಲಿಲ್ಲ. ಮೀಟಿಂಗಿನಲ್ಲಿ ಈ ಮಾತು ಬಂದಿತ್ತು. ಹಬ್ಬದಲ್ಲಿ ಬೇಡ, ಮಕ್ಕಳಿರುತ್ತಾರೆ ಅಂದರು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಕಾಲು ಕೊಯ್ಯುವುದನ್ನು ಮಕ್ಕಳಿಗೆ ತೋರಿಸಬಹುದಂತೆ, ಇದನ್ನು ಹೇಳಬಾರದಂತೆ. ಈಗ ಬರೆಯುವಾಗ ನಾಚಿಕೆ ಆಗುತ್ತಿದೆ, ಜಾಸ್ತಿ ಏನು ಹೇಳಲಿ.

ಮೂರನೇ ದೂರು ಹೊಟ್ಟೆಯದು. ಎರಡು ಗಂಟೆ ಆ ಹೊಗೆಮಾಂಸದ ವಾಸನೆ ಮೂಗಿಗೆ ಬಡಿಸಿ ಒಂದು ಚೂರೂ ಕೊಡುವುದಿಲ್ಲ. ಆರೋಗ್ಯ ಇಲಾಖೆ ಪರವಾನಗಿ ಇಲ್ಲದೆ ಜನರಿಗೆ ತಿನ್ನಲು ಕೊಡುವ ಹಾಗಿಲ್ಲ, ಅದು ಸರಿ. ಹಾಗಿದ್ದ ಮೇಲೆ ಪರವಾನಗಿ ಇರುವ ಒಂದು ಅಂಗಡಿಯನ್ನು ಪಕ್ಕದಲ್ಲೇ ಹಾಕಿಸಬೇಕಿತ್ತು. ಊಟದ ಅಂಗಡಿಗಳೆಲ್ಲಾ ಮೈದಾನದ ಆ ತುದಿಯಲ್ಲಿ, ಅಲ್ಲಿ ಸಿಕ್ಕಿದ್ದು ಒಣಕಲು ಪಿಜ್ಜಾ. ಬಿಡಾರದಲ್ಲಿ ಮುಟ್ಟಿ ನೋಡಲು ಕೊಟ್ಟಿದ್ದು ಹಡಗಿನ ಬಿಸ್ಕತ್ತು ಮಾತ್ರ, ಹಿಟ್ಟು ನೀರು ಕಲಸಿ ಕಲ್ಲಾಗುವ ತನಕ ಸುಟ್ಟಿದ್ದು. ಅಮ್ಮ ಅದನ್ನು ಮೇಜಿಗೆ ಎರಡು ಸಲ ಕುಟ್ಟಿ ನೋಡಿ ವಾಪಸ್ ಇಟ್ಟರು.

ಗುಡಾರದ ಹಗ್ಗಗಳ ಬಗ್ಗೆಯೂ ಒಂದು ಮಾತು. ಜನ ಓಡಾಡುವ ದಾರಿಗೆ ಅಡ್ಡವಾಗಿ ಗೂಟ ಹೊಡೆದಿದ್ದರು. ಅಮ್ಮ ಒಂದು ಸಲ ಎಡವಿದರು, ಬೀಳಲಿಲ್ಲ. ಹಗ್ಗಕ್ಕೆ ಒಂದು ಬಿಳಿ ಚಿಂದಿ ಕಟ್ಟಿದ್ದರೆ ಸಾಕಿತ್ತು, 1668ರಲ್ಲೂ ಬಿಳಿ ಬಟ್ಟೆ ಇತ್ತಲ್ಲ. ಒಲೆಗಳ ವಿಷಯದಲ್ಲಿ ಮಾತ್ರ ಚೊಕ್ಕ. ಪ್ರತಿ ಬೆಂಕಿಯ ಪಕ್ಕ ಎರಡು ಬಕೆಟ್ ನೀರು, ಸುತ್ತ ಹಗ್ಗ, ಒಬ್ಬ ಕಾವಲು. ನೀರು ಕುಡಿಯುವ ಜಾಗ, ಟಾಯ್ಲೆಟ್ಟು, ನೆರಳು ಮೂರೂ ದೂರ. ಪಾರ್ಕಿಂಗಿಗೆ 20 ಡಾಲರ್.

ಹೊರಡುವ ಮುಂಚೆ ನಕ್ಷೆ ಹರಡಿಕೊಂಡು ಕೂತಿದ್ದ ಒಬ್ಬ ಮುದುಕ, ಎಲ್ಲಿಯವರು ಅಂತ ಕೇಳಿದ. ಅಂಕೋಲಾ ಗೊತ್ತಿರುವುದಿಲ್ಲ ಅಂತ ಕಾರವಾರದ ಹತ್ತಿರ ಅಂದೆ. "ಕಾರ್ವಾರ್! ಕಿಡ್!" ಅಂತ ಕುರ್ಚಿಯಿಂದ ಎದ್ದ. ಕಡಲ್ಗಳ್ಳ ಅಂತ ಹೆಸರಾದ ಕ್ಯಾಪ್ಟನ್ ಕಿಡ್ ತನ್ನ ಅಡ್ವೆಂಚರ್ ಗ್ಯಾಲಿ ಹಡಗನ್ನು 1697ರಲ್ಲಿ ಕಾರವಾರಕ್ಕೆ ತಂದು ನಿಲ್ಲಿಸಿದ್ದು ನಿಜ. ಅಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು, ಅವನ ಕೆಲವು ಆಳುಗಳು ಸಾಕಪ್ಪಾ ಸಾಕು ಅಂತ ಅಲ್ಲೇ ಇಳಿದು ಅವನನ್ನು ಬಿಟ್ಟುಹೋದರು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಾರವಾರದ ಕಡಲ ದಂಡೆಯಲ್ಲಿ ಎಷ್ಟು ಸಂಜೆ ಶೇಂಗಾ ತಿಂದಿದ್ದೇನೋ ಲೆಕ್ಕವಿಲ್ಲ, ಈ ಕಥೆ ಗೊತ್ತಾಗಲು ಫ್ಲೋರಿಡಾದ ಮೈದಾನಕ್ಕೆ ಬರಬೇಕಾಯಿತು. ಮುದುಕ ಅಮ್ಮನಿಗೆ ಟೋಪಿ ತೆಗೆದು ನಮಸ್ಕಾರ ಮಾಡಿದ. ಯಾಕೆ ಅಂತ ಅಮ್ಮನಿಗೆ ಕಾರಿನಲ್ಲಿ ಬಿಡಿಸಿ ಹೇಳಿದೆ. "ಕಳ್ಳನ ಹೆಸರಲ್ಲಾದರೂ ನಮ್ಮೂರು ಗೊತ್ತಲ್ಲ" ಅಂದರು.

ಒಟ್ಟು 5ಕ್ಕೆ ಮೂರೂವರೆ. ಬಿಡಾರದವರಿಗೆ ನಾಲ್ಕೂವರೆ, ನಮ್ಮ ಯೋಜನೆಗೆ ಎರಡೂವರೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಟೋಪಿ, ನೀರು, ಕಿವಿಗೆ ಹತ್ತಿ ಇರಲಿ, ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು. ಹಿರಿಯರನ್ನು ಕರೆದುಕೊಂಡು ಹೋಗಿ, ಅವರಿಗೇ ಹೆಚ್ಚು ಅರ್ಥವಾಗುತ್ತದೆ.

ವೈದ್ಯನ ಮೇಜಿನಲ್ಲಿ ಮಕ್ಕಳಿಗೆ ಕರಾರು ಪತ್ರದ ಒಂದು ಪ್ರತಿ ಕೊಟ್ಟಿದ್ದರು, ಹಕ್ಕಿ ಗರಿಯ ಪೆನ್ನಲ್ಲಿ ಸಹಿ ಹಾಕಿಸಿದ್ದರು. ಈಗ ಅದು ನಮ್ಮ ಫ್ರಿಜ್ಜಿನ ಮೇಲಿದೆ. ಎಡಗೈ 500 ಅನ್ನುವುದನ್ನು ಮಗಳು ಹೊಡೆದುಹಾಕಿ, ಕೆಂಪು ಸ್ಕೆಚ್ ಪೆನ್ನಲ್ಲಿ 600 ಅಂತ ಬರೆದಿದ್ದಾಳೆ.