ಐಜಿಪಿಗೆ ಯಾವ ಮರಿ: ಮ್ಯಾಲಿನ್ವಾನೋ, ಜರ್ಮನ್ ಶೆಫರ್ಡೋ?

ಐಜಿಪಿ ಅಂದರೆ ನಾಯಿಗಳ ಸ್ಪರ್ಧೆ, ಜರ್ಮನಿಯ ಹಳೇ ಶುಟ್ಸ್‌ಹುಂಡ್ ಆಟ. ವಾಸನೆ ಹಿಡಿಯುವುದು, ಮಾತು ಕೇಳುವುದು, ರಕ್ಷಣೆ. ಒಂದೊಂದಕ್ಕೂ 100 ಅಂಕ.

ಮರಿ ಆರಿಸುವಾಗ ಅದರ ಮುಂದೆ ಗೋಣಿಚೀಲದ ಚೂರನ್ನು ದಾರಕ್ಕೆ ಕಟ್ಟಿ ಎಳೆಯಿರಿ. ಬೆಲ್ಜಿಯಂ ತಳಿಯಾದ ಮ್ಯಾಲಿನ್ವಾ ಮರಿ ಸಾಮಾನ್ಯವಾಗಿ ಒಂದೇ ನೆಗೆತಕ್ಕೆ ಕಚ್ಚುತ್ತದೆ. ಶೆಫರ್ಡ್ ಒಂದು ಗಳಿಗೆ ನೋಡಿ ಬರಬಹುದು. ಅಷ್ಟಕ್ಕೇ ಅದನ್ನು ಬೇಡ ಅನ್ನಬೇಡಿ. ನೋಡಬೇಕಾದದ್ದು ಹಿಡಿತ. ಬಾಯಿ ತುಂಬ ಹಿಡಿದು ಎಳೆಯುತ್ತದೋ, ಮುಂದಿನ ಹಲ್ಲಲ್ಲಿ ಕಚ್ಚಿ ಕಚ್ಚಿ ಬಿಡುತ್ತದೋ? ಆಮೇಲೆ ಸ್ವಲ್ಪ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚಿದರೆ ತಪ್ಪಿಲ್ಲ. ಎಷ್ಟು ಬೇಗ ವಾಪಸ್ ಬಂದು ತಟ್ಟೆ ಮೂಸುತ್ತದೆ ಅನ್ನೋದೇ ಮುಖ್ಯ. ಬಾಲ ಮುದುರಿಕೊಂಡು ಬೊಗಳುವ ಮರಿಯನ್ನು ಧೈರ್ಯಶಾಲಿ ಅನ್ನುವವರಿದ್ದಾರೆ. ಅದು ಭಯ ಅಲ್ವಾ?

ಮನೆಯೊಳಗೆ ಕಥೆಯೇ ಬೇರೆ. ಮ್ಯಾಲಿನ್ವಾಗೆ ಸುಮ್ನೆ ಮಲಗುವುದನ್ನೂ ಕಲಿಸಬೇಕು, ಇಲ್ಲದಿದ್ದರೆ ಸೋಫಾ ಉಳಿಯಲ್ಲ. ಶೆಫರ್ಡ್‌ಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ, ಹಾಗಾಗಿ ಅಪ್ಪ-ಅಮ್ಮನ ಎಕ್ಸ್‌ರೇ ಕೇಳಿ. ಯಾವುದಾದರೂ ಸರಿ, ತಾಯಿನಾಯಿ ಹೊಸಬರ ಜೊತೆ ಹೇಗಿದೆ ನೋಡದೆ ದುಡ್ಡು ಕೊಡಬೇಡಿ.

ಮೊದಲ ಸಲ ಸಾಕುವವರಿಗೆ ನನ್ನ ಓಟು ಶೆಫರ್ಡ್‌ಗೆ. ಆದರೆ ಕೆಲಸದ ನಾಯಿಗಳ ಸಂತತಿಯದ್ದು, ಶೋ ನಾಯಿಗಳದ್ದಲ್ಲ.