ಆರು ವಿ, ನೂರಾರು ಸಾವು

ಕಕ್ಕಡ ತಿಂಗಳ ಮಳೆ, ಮಡಿಕೇರೀಲಿ ಕರೆಂಟ್ ಬಂದು ಹೋಗಿ ಮಾಡ್ತಿದೆ, ಹಳೇ ಲ್ಯಾಪ್‌ಟಾಪಲ್ಲಿ ಓಡೋ ಗೇಮ್ ಬೇಕಿತ್ತು ಅಂತ 2010ರ ವಿವಿವಿವಿವಿವಿ (VVVVVV) ಹಾಕ್ದೆ. ಹೌದು, ಹೆಸರೇ ಹಂಗೆ. ಇದ್ರಲ್ಲಿ ಜಂಪ್ ಇಲ್ವೇ ಇಲ್ಲ, ಬಟನ್ ಒತ್ತಿದ್ರೆ ಗ್ರಾವಿಟಿ ಉಲ್ಟಾ ಆಗಿ ಸೀಲಿಂಗಿಗೆ ಬೀಳ್ತೀರ ಅಷ್ಟೇ. ಒಂದ್ಕಡೆ ಟ್ರಿಂಕೆಟ್ (ಗೇಮಲ್ಲಿ ಹುಡುಕಿ ಎತ್ಕೊಳ್ಳೋ ವಸ್ತು) ಎದುರಿಗೇ ಕಾಣುತ್ತೆ, ಮಧ್ಯೆ ಮೊಣಕಾಲೆತ್ತರದ ಕಲ್ಲು, ಬೇರೆ ಗೇಮಲ್ಲಾದ್ರೆ ಒಂದು ಹಾರು ಹಾರಿದ್ರೆ ಮುಗೀತು, ಇಲ್ಲಿ ಅದನ್ನ ದಾಟೋಕೆ ಮುಳ್ಳುಗಳ ನಡುವೆ ಸ್ಕ್ರೀನ್ ಮೇಲೆ ಸ್ಕ್ರೀನ್ ಮೇಲಕ್ಕೆ ಹೋಗಿ ಅದೇ ದಾರೀಲಿ ವಾಪಸ್ ಬೀಳ್ಬೇಕು! ಎರಡು ಸಂಜೆ ಹೋಯ್ತು, ಅಮ್ಮ ಕೊಟ್ಟ ಕಾಫಿ ತಣ್ಣಗಾಯ್ತು. ಆದ್ರೂ ಗೇಮ್ ಮೇಲೆ ಸಿಟ್ಟು ಬರಲ್ಲ, ಚೆಕ್‌ಪಾಯಿಂಟ್ ಹೆಜ್ಜೆಗೊಂದಿದೆ, ಸತ್ತ ತಕ್ಷಣ ಅಲ್ಲಿಂದ್ಲೇ ಮತ್ತೆ ಶುರು, ತಪ್ಪು ನಮ್ದೇ ಅಂತ ಗೊತ್ತಾಗುತ್ತೆ. ಮ್ಯೂಸಿಕ್ ಸೂಪರ್. 20 ಟ್ರಿಂಕೆಟಲ್ಲಿ ನಂಗೆ ಸಿಕ್ಕಿದ್ದು 17.