ಸೂಸಲಾ, ಉಪ್ಪಿಟ್ಟು, ರೊಟ್ಟಿ: ನನ್ನ ಶುಗರಿಗೆ ಯಾವುದು ಒಗ್ಗಿತು?

ವಿಜಯಪುರದವನಿಗೆ ಸೂಸಲಾ, ಅಂದರೆ ತೋಯಿಸಿದ ಚುರುಮುರಿಯ ಒಗ್ಗರಣೆ, ಬಿಡು ಅಂದರೆ ಸಿಟ್ಟು ಬರುತ್ತದೆ. ನನಗೂ ಬಂತು. ಟೈಪ್ 2 ಶುಗರ್ ಶುರುವಾಗಿ ಆರು ವರ್ಷ. ದಿನಾ ಎರಡು ಮೆಟ್‌ಫಾರ್ಮಿನ್ ಗುಳಿಗೆ. ಬೆಳಗಿನ ನಾಷ್ಟಾ ಬದಲಿಸಿ ಎಂದು ಡಾಕ್ಟರು ಹೇಳಿದಾಗ ಸುಮ್ನೆ ತಲೆಯಾಡಿಸಲಿಲ್ಲ. ಗ್ಲುಕೋಮೀಟರ್ ತಂದು ನಾನೇ ನೋಡಿದೆ.

ಒಂದೊಂದು ನಾಷ್ಟಾ ಮೂರು ಮೂರು ದಿನ. ಮೊದಲ ತುತ್ತಿನಿಂದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡುವುದು. ಖಾಲಿ ಹೊಟ್ಟೆಯಲ್ಲಿ 120ರ ಆಸುಪಾಸು ಇದ್ದ ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದೆ. ತಿಂದ ಮೇಲೆ 180 ದಾಟಬಾರದು ಅನ್ನುವುದು ಡಾಕ್ಟರು ಹಾಕಿಕೊಟ್ಟ ಗೆರೆ.

ಸೂಸಲಾ ಮೊದಲ ದಿನವೇ ಸೋತಿತು. 238! ಚುರುಮುರಿ ಕೈಗೆ ಹಗುರ, ಮೋಸ ಇರುವುದೇ ಅಲ್ಲಿ. ಬುಟ್ಟಿ ತುಂಬ ಇದ್ದದ್ದು ತೋಯಿಸಿ ಹಿಂಡಿದರೆ ಒಂದು ತಾಟಿಗೆ ಇಳಿಯುತ್ತದೆ. ಅಷ್ಟೂ ಉಬ್ಬಿದ ಅಕ್ಕಿ, ಬೇಗ ಕರಗಿ ಸಕ್ಕರೆಯಾಗುತ್ತದೆ. ಮರುದಿನ ಜೊತೆಗೆ ಎರಡು ಮಿರ್ಚಿ ಬಜ್ಜಿ ತಿಂದೆ, 205 ಬಂತು. ಮಿರ್ಚಿಯೇ ಔಷಧ ಅಂದುಕೊಂಡು ಖುಷಿಪಟ್ಟೆ. ಮೂರು ಗಂಟೆಗೆ ಮತ್ತೆ ನೋಡಿದರೆ 214. ಎಣ್ಣೆ ಸಕ್ಕರೆಯನ್ನು ತಡೆದಿರಲಿಲ್ಲ, ತಡಮಾಡಿತ್ತು ಅಷ್ಟೇ.

ಉಪ್ಪಿಟ್ಟಿನದು ನಡುವಿನ ದಾರಿ. ಬರೀ ರವಾ ಆದರೆ 210ರ ಹತ್ತಿರ. ರವಾ ಅರ್ಧಕ್ಕಿಳಿಸಿ ಗಜ್ಜರಿ, ಬೀನ್ಸ್ ತುಂಬಿದಾಗ 184. ಮಗ ತಂದ ಮಸಾಲಾ ಓಟ್ಸ್ ಒಂದೇ ದಿನಕ್ಕೆ ಸಾಕಾಯಿತು. 193 ಬಂತು, ರುಚಿಯೂ ಇಲ್ಲ.

ಇನ್ನು ಜೋಳದ ರೊಟ್ಟಿ. ಗೆಲ್ಲುವುದು ಇದೇ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಮೂರು ಬಿಸಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ). 201! ಮೀಟರೇ ಕೆಟ್ಟಿದೆ ಅಂದೆ. "ರೊಟ್ಟಿ ಎಷ್ಟ್ ತಿಂದ್ರೂ ಶುಗರ್ ಏರಂಗಿಲ್ಲ ಅಂತ ಯಾರ್ ಹೇಳ್ಯಾರ್ರೀ ನಿಮಗ?" ಎಂದು ಹೆಂಡತಿ ಕೇಳಿದಳು. ಹೌದಲ್ವಾ? ಜೋಳದಲ್ಲೂ ತುಂಬಿರುವುದು ಪಿಷ್ಟವೇ.

ಮರುದಿನದಿಂದ ತಾಟು ಅವಳೇ ಬಡಿಸಿದಳು. ದೊಡ್ಡ ಬಟ್ಟಲು ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಸೌತೆಕಾಯಿ, ಗಟ್ಟಿ ಮೊಸರು. ರೊಟ್ಟಿ ಎರಡೇ. ಮೊದಲು ಸೊಪ್ಪು, ಕಾಳು ತಿಂದು ಆಮೇಲೆ ರೊಟ್ಟಿ ಮುರಿಯಬೇಕು. ನಾರು, ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಪಿಷ್ಟ ನಿಧಾನಕ್ಕೆ ಇಳಿಯುತ್ತದಂತೆ. ಮೂರು ದಿನದ ಲೆಕ್ಕ: 158, 151, 163. ನಾಷ್ಟಾ ಆದ ಮೇಲೆ ಗೋಳಗುಮ್ಮಟದ ಕಡೆ ಹದಿನೈದು ನಿಮಿಷ ನಡೆದು ಬಂದ ದಿನ 142.

ಇವೆಲ್ಲ ನನ್ನ ಮೈಯ ಅಂಕಿ, ನಿಮ್ಮದು ಬೇರೆ ಇದ್ದೀತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಒಮ್ಮೆಲೇ ರೊಟ್ಟಿ ಕಡಿಮೆ ಮಾಡಿದರೆ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಕೈಕಾಲು ನಡುಗಬಹುದು. ಮೊದಲು ಡಾಕ್ಟರನ್ನು ಕೇಳಿ.

ಸೂಸಲಾ ಪೂರ್ತಿ ಬಿಟ್ಟಿಲ್ಲ. ಭಾನುವಾರ ಅರ್ಧ ತಾಟು, ಅದರಲ್ಲಿ ಮೊಳಕೆ ಕಾಳು ಜಾಸ್ತಿ. ಹೋದ ವಾರ 172 ಬಂತು. ಮಿರ್ಚಿ ಒಂದೇ ತಿಂದೆ ಎಂದು ಮನೆಯಲ್ಲಿ ಹೇಳಿದ್ದೇನೆ.